ತೊಟ್ಟಿಯೊಳಗಿನ ಸಮುದ್ರ

ಕೃಷಿ ಶಾಲೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಒಣಗಿಸಿದ ಗಿಡಗಳ ಹನ್ನೆರಡು ಬೀರುಗಳಿದ್ದವು. ಗಿಡ ಯಾವ ಖಂಡದಿಂದ ಬಂದಿತೋ ಆ ಖಂಡದ ಬೀರುವಿಗೇ ಹೋಗಬೇಕು. ಶಾಲೆ ಶುರುವಾದಾಗಿನಿಂದ ನಡೆದುಬಂದ ಪದ್ಧತಿ. ಹೀಗಾಗಿ ಒಂದೇ ಮನೆತನದ ಗಿಡಗಳಲ್ಲಿ ಅಕ್ಕ ಒಂದು ಬೀರುವಿನಲ್ಲಿ, ತಂಗಿ ಇನ್ನೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಇದನ್ನು ಬಲ್ಲವಳು ಒಬ್ಬಳೇ. ಒಣಗಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿ, ದಂಟಿಗೆ ದಾರದ ಹೊಲಿಗೆ ಹಾಕಿ, ಮೂಲೆಯಲ್ಲಿ ಚೀಟಿ ಹಚ್ಚುವುದು ಅವಳ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿ ಎಲ್ಲರ ಬಾಯಲ್ಲೂ ಅಂಟಕ್ಕ ಆಗಿದ್ದಳು. ಹದಿನಾರು ವರ್ಷವೂ ದಿನಗೂಲಿ.

ಶಾಲೆಯ ಹಿಂದಿನ ಗುಡ್ಡದಲ್ಲಿ ಒಂದು ಜಾತಿಯ ಮರವಿತ್ತು. ಗೋಲಿಯಷ್ಟು ದಪ್ಪನೆಯ, ಕಲ್ಲಿನಂಥ ಬೀಜ. ಸಮುದ್ರದಾಚೆಯ ಖಂಡದಿಂದ ಬಂದ ಹಾಳೆಗಳಲ್ಲಿ ಅದರ ಹತ್ತಿರದ ನೆಂಟ ಮರವೂ ಇತ್ತು. ಎಲೆಯಲ್ಲಿ ಅದೇ ನರ, ತೊಟ್ಟಿನ ಬುಡದಲ್ಲಿ ಅದೇ ಕೆಂಪು ನವಿರು. ಅಷ್ಟು ದೂರದ ಎರಡು ನೆಲಗಳಲ್ಲಿ ಒಂದೇ ಮನೆತನ ಹೇಗೆ ನೆಲೆಯೂರಿತು ಎಂಬುದಕ್ಕೆ ಆ ವಿಭಾಗದಲ್ಲಿ ಉತ್ತರ ಬಲ್ಲವರು ಇಬ್ಬರಿದ್ದರು. ಮುಖ್ಯಸ್ಥರಾದ ದೊಡ್ಡ ಮೇಷ್ಟ್ರ ಪ್ರಕಾರ ಎಲ್ಲ ಬೀಜವೂ ಸಮುದ್ರದಲ್ಲಿ ತೇಲಿ ಹೋದದ್ದು. ಚಿಕ್ಕ ಮೇಷ್ಟ್ರ ಪ್ರಕಾರ ಹಿಂದೆ ನೆಲವೆಲ್ಲ ಒಂದೇ ಆಗಿತ್ತು. ಅದು ಒಡೆದು ದೂರ ಸರಿದಾಗ ಗಿಡಮರಗಳೂ ಪಾಲಾಗಿ ಹೋದವು. ಒಂದೇ ಒಂದು ಹುಲ್ಲುಕಡ್ಡಿಯನ್ನೂ ಎದುರಾಳಿಗೆ ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಎದುರುಬದುರು ಮೇಜಿನಲ್ಲಿ ಕೂತು, ಅಂಟಕ್ಕನ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು.

ದೊಡ್ಡ ಮೇಷ್ಟ್ರ ಹೆಂಡತಿ ಚಿಕ್ಕ ಮೇಷ್ಟ್ರ ಸ್ವಂತ ಅಕ್ಕ. ಗಂಡನ ಊಟದ ಡಬ್ಬಿ ಕೊಡಲು ಬಂದವಳು ಒಮ್ಮೆ ಅಂಟಕ್ಕನ ಹತ್ತಿರ ಹೇಳಿದ್ದಳು: "ಇವರಿಬ್ಬರ ಹಟ ಒಂದೇ ಬೀಜದ್ದು ಕಣೇ. ತೇಲಿ ಬಂತೋ, ಒಡೆದು ಬಂತೋ, ಎರಡೂ ನನ್ನ ಪಾಲಿಗೇ ಬಂತು."

ಆ ವರ್ಷ ಮೇಲಿನ ಕಚೇರಿಯಿಂದ ತಪಾಸಣೆಗೆ ಬರುತ್ತಾರೆಂದು ಗೊತ್ತಾದಾಗ ದೊಡ್ಡ ಮೇಷ್ಟ್ರು ಪ್ರಯೋಗಕ್ಕೆ ಇಳಿದರು. ಬಿಸಿಲು ಬೀಳುವ ಕಿಟಕಿಯ ಕೆಳಗೆ ಅಗಲವಾದ ತೊಟ್ಟಿ ಇಡಿಸಿ, ಸಮುದ್ರದಷ್ಟೇ ಉಪ್ಪು ಬೆರೆಸಿದ ನೀರು ತುಂಬಿಸಿ, ಗುಡ್ಡದ ಮರದ ನಲವತ್ತು ಬೀಜ ಹಾಕಿದರು. ನಲವತ್ತೂ ಅಲ್ಲೇ ತಳ ಕಂಡವು. ಮೇಷ್ಟ್ರು ಎದೆಗುಂದಲಿಲ್ಲ. ದಿನಾ ನೀರು ಆರಿ ಇಳಿದಷ್ಟೂ ಮತ್ತೆ ಉಪ್ಪುನೀರನ್ನೇ ತಮ್ಮ ಕೈಯಾರೆ ಸುರಿದು ಮಟ್ಟಕ್ಕೆ ತಂದರು. ಎರಡು ತಿಂಗಳು ಕಳೆದ ಮೇಲೆ ಒಂದು ಬೀಜ ಮೇಲೆದ್ದಿತು. ಮೂರನೆಯ ತಿಂಗಳ ಕೊನೆಗೆ ನಲವತ್ತೂ ತೇಲುತ್ತಿದ್ದವು. ಬೀಜಕ್ಕೂ ಈಜು ಕಲಿಯಲು ಸಮಯ ಬೇಕು ಎಂದು ಮೇಷ್ಟ್ರು ವರದಿಯಲ್ಲಿ ಬರೆದರು. ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡರು.

ತೊಟ್ಟಿಯ ಅಂಚಿಗೆ ಬಿಳಿ ಹಕ್ಕಳೆ ಕಟ್ಟಿದ್ದನ್ನು ಅಂಟಕ್ಕ ನೋಡಿದ್ದಳು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಾಗ ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬುದು ಒಲೆಯ ಮುಂದೆ ನಿಂತ ಯಾರಿಗಾದರೂ ಗೊತ್ತು. ಸಪ್ಪೆ ನೀರು ಸುರಿಯಬೇಕಿತ್ತಲ್ಲವೇ ಎಂದು ಮೆಲ್ಲಗೆ ಕೇಳಿದಳು. ನೀನು ಅಂಟು ನೋಡಿಕೋ, ಸಮುದ್ರ ನಾನು ನೋಡಿಕೊಳ್ಳುತ್ತೇನೆ ಎಂದರು ಮೇಷ್ಟ್ರು. ತಪಾಸಣೆ ಚೆನ್ನಾಗಿ ನಡೆದರೆ ವಿಭಾಗಕ್ಕೊಂದು ಕಾಯಂ ಹುದ್ದೆ ಬರುತ್ತದೆ, ಅದು ನಿನ್ನದೇ ಎಂದೂ ಸೇರಿಸಿದರು. ಅಂಟಕ್ಕ ತನ್ನ ಅಂಟಿನ ಕಡೆಗೇ ತಿರುಗಿದಳು.

ತಪಾಸಣೆಗೆ ಬಂದವರು ಮಂಡಿನೋವಿನ ಹಿರಿಯ ಹೆಂಗಸು. ತೇಲುವ ಬೀಜ ನೋಡಿದರು, ತಲೆದೂಗಿದರು, ಪುಸ್ತಕದಲ್ಲಿ ಬರೆದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ದೊಡ್ಡ ಮೇಷ್ಟ್ರು ಹುರುಪಿನಲ್ಲಿ, ಎರಡು ಖಂಡಗಳ ಇಂಥ ನೆಂಟರ ಹಾಳೆಗಳು ನಾನೂರಿವೆ, ಎಲ್ಲಕ್ಕೂ ಇವತ್ತೇ 'ಸಮುದ್ರದಲ್ಲಿ ತೇಲಿ ಬಂದದ್ದು' ಎಂಬ ಚೀಟಿ ಹಚ್ಚಿಸುತ್ತೇನೆ ಎಂದು ಅಚ್ಚು ಹಾಕಿಸಿದ ಕಟ್ಟನ್ನು ಅಂಟಕ್ಕನ ಮುಂದಿಟ್ಟರು.

ಅಂಟಕ್ಕ ಕುಂಚವನ್ನು ಅಂಟಿನಲ್ಲಿ ಅದ್ದಿದಳು. ಅವಳು ಹಚ್ಚಿದ ಚೀಟಿ ಹಾಳೆ ಹರಿದರೂ ಬಿಡುತ್ತಿರಲಿಲ್ಲ. ಕುಂಚ ಕೆಳಗಿಟ್ಟು, ತನ್ನ ಬುತ್ತಿಯ ಚೀಲದಿಂದ, ಸಂಜೆಯ ಅಡುಗೆಗೆ ಕೊಂಡಿಟ್ಟಿದ್ದ ಒಂದು ಹಸಿ ಮೊಟ್ಟೆ ತೆಗೆದು ತೊಟ್ಟಿಗೆ ಬಿಟ್ಟಳು. ಅದು ಆರಾಮವಾಗಿ ತೇಲಿತು.

"ಸಮುದ್ರದಲ್ಲಿ ಮುಳುಗೋ ಮೊಟ್ಟೆನೂ ಇದರಲ್ಲಿ ತೇಲುತ್ತೆ ಮೇಡಂ," ಎಂದಳು. "ಕೋಳಿಗಳೂ ಸಮುದ್ರ ಈಜಿ ಬಂದ್ವು ಅಂತ ಇನ್ನೊಂದು ಚೀಟಿ ಅಚ್ಚು ಹಾಕಿಸಬೇಕಾಗುತ್ತೆ."

ಹಿರಿಯ ಹೆಂಗಸು ಬೆರಳದ್ದಿ ರುಚಿ ನೋಡಿ ಮುಖ ಕಿವಿಚಿದರು. ಚಿಕ್ಕ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಎಂಟು ವರ್ಷದ ಹಿಂದೆಯೇ ಅಚ್ಚು ಹಾಕಿಸಿ ಇಟ್ಟಿದ್ದ 'ನೆಲ ಒಡೆದಾಗ ಬೇರೆಯಾದದ್ದು' ಎಂಬ ಚೀಟಿಗಳ ಕಟ್ಟು ಅವರ ಖಾನೆಯಿಂದ ಹೊರಬಂತು.

"ನಿಮ್ದೂ ಬೇಡ ಸಾರ್," ಎಂದಳು ಅಂಟಕ್ಕ. "ಈ ಮರಕ್ಕೆ ನೀವು ಹೇಳೋದು ಸರಿ ಇರಬಹುದು. ಆದರೆ ಆ ಕೆರೆ ಹುಲ್ಲಿನ ಬೀಜದಲ್ಲಿ ಕೊಕ್ಕೆ ಇದೆ, ಹಕ್ಕಿ ಪುಕ್ಕಕ್ಕೆ ಸಿಕ್ಕಿಕೊಂಡು ಹೋಗುತ್ತೆ. ಆ ಬಳ್ಳಿ ಬೀಜದೊಳಗೆ ಬರೀ ಗಾಳಿ, ಅದು ನಿಜವಾಗ್ಲೂ ತೇಲುತ್ತೆ. ಒಂದೊಂದು ಮನೆತನ ಒಂದೊಂದು ದಾರಿ ಹಿಡಿದಿದೆ. ಬೀರು ಬೇರೆ ಬೇರೆ ಮಾಡಿಟ್ಟರೆ ಯಾರಿಗೆ ಕಾಣಿಸುತ್ತೆ?"

ಹಿರಿಯ ಹೆಂಗಸು ತಾವು ಮೊದಲು ಬರೆದದ್ದಕ್ಕೆ ಗೀಟು ಹೊಡೆದು, ಯಾವ ಚೀಟಿಯನ್ನೂ ಹಚ್ಚಕೂಡದು, ಮೂರು ತಿಂಗಳೊಳಗೆ ಎಲ್ಲ ಹಾಳೆಗಳನ್ನೂ ಖಂಡದ ಲೆಕ್ಕ ಬಿಟ್ಟು ನೆಂಟಸ್ತಿಕೆಯ ಪ್ರಕಾರ ಜೋಡಿಸಬೇಕು ಎಂದು ಬರೆದು ಹೋದರು.

ಅವರ ಗಾಡಿ ಗೇಟು ದಾಟುವ ಮೊದಲೇ ಭಾವ-ಭಾವಮೈದುನರು ಮಾತಾಡಿದರು. ಹನ್ನೊಂದು ವರ್ಷದ ಮೇಲೆ ಇಬ್ಬರೂ ಒಪ್ಪಿದ ಮೊದಲ ಸಂಗತಿ: ಅಂಟಿಸುವವಳು ಅಭಿಪ್ರಾಯ ಹೇಳಿದ್ದು ಶಿಸ್ತಿಗೆ ವಿರುದ್ಧ. ಒಂದೇ ಕಾಗದಕ್ಕೆ, ಒಂದೇ ಪೆನ್ನಿನಲ್ಲಿ ಇಬ್ಬರೂ ಸಹಿ ಹಾಕಿ, ನಾಳೆಯಿಂದ ಬರಬೇಡ ಎಂದರು. ಅಂಟಕ್ಕ ಕೈಯಲ್ಲಿದ್ದ ಹಾಳೆಯ ಹೊಲಿಗೆ ಮುಗಿಸಿ, ಕುಂಚ ತೊಳೆದಿಟ್ಟು ಮನೆಗೆ ಹೋದಳು.

ಮೇಷ್ಟ್ರುಗಳು ಬೀರು ತೆರೆದರು. ಒಬ್ಬರು ಬೀಜದ ಗಾತ್ರ ನೋಡಿ ಜೋಡಿಸಿದ್ದನ್ನು ಇನ್ನೊಬ್ಬರು ನಕಾಶೆ ನೋಡಿ ಕಿತ್ತು ಜೋಡಿಸಿದರು. ಎರಡು ವಾರಕ್ಕೆ ಕೋಣೆಯ ನೆಲದ ಮೇಲೆಲ್ಲ ಹಾಳೆ. ಕಾಲಿಡಲು ಜಾಗವಿಲ್ಲದೆ ಇಬ್ಬರೂ ಕಾರಿಡಾರಿನಲ್ಲಿ ನಿಂತು ಊಟ ಮಾಡುತ್ತಿದ್ದರು. ಕೊನೆಗೆ ಇಬ್ಬರೂ ಅಂಟಕ್ಕನ ಮನೆಗೆ ಹೋದರು. ಅವಳು ಬಟ್ಟೆ ಒಣಹಾಕುತ್ತಿದ್ದಳು, ಕೆಲಸ ನಿಲ್ಲಿಸಲಿಲ್ಲ.

"ನಾಳೆಯಿಂದ ಬಾ ಅಂಟಕ್ಕ," ಎಂದರು ದೊಡ್ಡ ಮೇಷ್ಟ್ರು.

"ದಿನಗೂಲಿಗಾ?"

"ಸದ್ಯಕ್ಕೆ ಹಾಗೇ..."

"ಹಾಗಾದರೆ ಸದ್ಯಕ್ಕೆ ನೀವೇ ಜೋಡಿಸ್ತಾ ಇರಿ ಸಾರ್."

ಕಾಯಂ ಆದೇಶ ಒಂಬತ್ತು ದಿನಕ್ಕೆ ಬಂತು. ಕೊನೆಯಲ್ಲಿ ಒಂದು ಷರತ್ತಿತ್ತು: 'ಸದರಿ ನೌಕರರು ಗಿಡಗಳ ವಿಚಾರದಲ್ಲಿ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ.' ಅಂಟಕ್ಕ ನಿಧಾನವಾಗಿ ಓದಿ ಸಹಿ ಹಾಕಿದಳು. ಆ ಕಾಗದವನ್ನು ತನ್ನ ಮೇಜಿನ ಎದುರಿನ ಗೋಡೆಗೆ ನಾಲ್ಕೂ ಮೂಲೆಗೆ ಅಂಟು ಬಳಿದು ಹಚ್ಚಿ, ಕೆಲಸ ಶುರುಮಾಡಿದಳು.

ಗುಡ್ಡದ ಮರದ ಹಾಳೆಯ ಪಕ್ಕ ಸಮುದ್ರದಾಚೆಯ ಮರದ ಹಾಳೆ ಬಂತು. ಅವೆರಡರ ಪಕ್ಕಕ್ಕೆ, ಯಾರೂ ನಿರೀಕ್ಷಿಸದ ಮೂರನೆಯ ಖಂಡದ ಒಂದು ಪೊದೆ ಬಂದು ಕೂತಿತು. ಮೇಷ್ಟ್ರುಗಳು ಬಗ್ಗಿ ನೋಡಿದರು. ಹಾಳೆ ತಿರುಗಿಸಿ ನೋಡಿದರು.

"ಇದು ಯಾಕೆ ಇಲ್ಲಿ?" ಎಂದು ಚಿಕ್ಕ ಮೇಷ್ಟ್ರು ಕೇಳಿದರು.

ಅಂಟಕ್ಕ ತಲೆಯೆತ್ತದೆ, ಕುಂಚದ ಹಿಡಿಯಿಂದ ಗೋಡೆಯ ಕಾಗದದ ಕೊನೆಯ ಸಾಲು ತೋರಿಸಿದಳು.