ಎಂಟಂಗುಲಕ್ಕೊಂದು ಸುತ್ತು

ಗುರಿಹಾಳೆಯ ಐದು ತೂತುಗಳಲ್ಲಿ ಒಂದೂ ದುಂಡಗಿರಲಿಲ್ಲ. ಗುಂಡು ಮೂತಿ ಮುಂದಾಗಿ ಬರದೆ, ಅಡ್ಡಡ್ಡಲಾಗಿ ಬಂದು ಕಾಗದವನ್ನು ಸೀಳಿತ್ತು. ಬಾಗಿಲು ತಟ್ಟದೆ ಒಳಬಂದ ಮೈದುನ ಆ ಹಾಳೆಯನ್ನು ಅತ್ತಿಗೆಯ ಕೆಲಸದ ಮೇಜಿನ ಮೇಲೆ, ಅವಳು ಅರ ಹಾಕುತ್ತಿದ್ದ ಜಾಗದಲ್ಲೇ ಹರಡಿದ.

"ನೋಡಿ ಅತ್ತಿಗೆ, ನಿಮ್ಮ ಕೈಗುಣ."

ಅವನ ಹಿಂದೆ ಬಂದ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಹೊಸ್ತಿಲಲ್ಲೇ ನಿಂತರು. ಒಳಗೆ ಬಂದು ಕೂತರೆ ಒಂದು ಪಕ್ಷ ವಹಿಸಿದಂತಾಗುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ಕ್ಲಬ್ಬಿನ ಹನ್ನೆರಡು ರೈಫಲ್‌ಗಳ ದುರಸ್ತಿ ಒಂಬತ್ತು ವರ್ಷದಿಂದ ಈ ಕೋಣೆಯಲ್ಲೇ ನಡೆಯುತ್ತಿತ್ತು. ಅವು ಕೈತಪ್ಪಿದರೆ ಅತ್ತಿಗೆಗೆ ಉಳಿಯುವುದು ಏರ್‌ಗನ್ನಿನ ಸ್ಪ್ರಿಂಗು, ಬೀಗದ ರಿಪೇರಿ. ಮೈದುನ ಈ ವರ್ಷ ಪಕ್ಕದ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದು ಕ್ಲಬ್ಬಿಗೆ ಗುಂಡು ಮಾರತೊಡಗಿದ್ದ. ರೈಫಲ್‌ಗಳೂ ತನ್ನ ಕಡೆಗೇ ಬರಲಿ ಎಂಬ ಆಸೆಯನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ.

"ಈ ನಳಿಗೆ ಹಾಕಿದ್ದು ನೀವು. ಮೇಲೆ ಎಂಟು ಅಂತ ಅಚ್ಚು ಒತ್ತಿದ್ದೂ ನೀವು," ಎಂದು ತಾನು ತಂದಿದ್ದ ರೈಫಲ್ಲನ್ನು ಮೇಜಿನ ಮೇಲಿಟ್ಟ. "ಎಂಟಂಗುಲಕ್ಕೆ ಒಂದು ಸುತ್ತು ಇದ್ರೆ ಎಪ್ಪತ್ತೇಳು ಗ್ರೇನ್ ತೂಕದ ಗುಂಡು ನೆಟ್ಟಗೆ ಹೋಗ್ಬೇಕು. ಇದು ಪಲ್ಟಿ ಹೊಡೀತಿದೆ. ಒಳಗಿನ ಸುರುಳಿ ಗೀರು ಗುಂಡನ್ನ ಸಾಕಷ್ಟು ತಿರುಗಿಸ್ತಿಲ್ಲ. ಇದು ಎಂಟಲ್ಲ ಸಾರ್, ಬರೆದುಕೊಡ್ತೀನಿ."

"ಬಾಯಲ್ಲಿ ಅಳೀತೀಯೋ, ಕೋಲಲ್ಲಿ ಅಳೀತೀಯೋ?" ಎಂದಳು ಅತ್ತಿಗೆ.

ಅವನು ಕೋಲು ತಂದೇ ಬಂದಿದ್ದ. ಹಿಡಿ ತಾನಾಗಿ ತಿರುಗುವಂಥ ಸ್ವಚ್ಛಗೊಳಿಸುವ ಕೋಲು. ತುದಿಗೆ ಬಟ್ಟೆ ಸುತ್ತಿ, ಮೇಲೊಂದು ಶಾಯಿಗುರುತು ಹಾಕಿ ನಳಿಗೆಯೊಳಗೆ ದೂಡಿದ. ಗುರುತು ಒಂದು ಸುತ್ತು ಮುಗಿಸುವಷ್ಟರಲ್ಲಿ ಕೋಲು ಎಷ್ಟು ಒಳಗೆ ಹೋಗಿದೆ ಎಂದು ಅಳತೆಪಟ್ಟಿ ಹಿಡಿದ.

"ಹನ್ನೆರಡು."

"ಮೇಡಂ, ಇದೇನಿದು?" ಎಂದರು ಕಾರ್ಯದರ್ಶಿ.

ಅತ್ತಿಗೆ ಕೋಲನ್ನು ಎಳೆದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಮೂಗು ಒರೆಸೋ ಬಟ್ಟೆ ತಂದಿದ್ದಾನೆ ಸಾರ್. ಸಡಿಲ. ಗೀರು ಹಿಡಿದು ತಿರುಗೋ ಬದಲು ಜಾರ್ಕೊಂಡು ಹೋಗಿದೆ."

"ಈಗ ತಪ್ಪೆಲ್ಲ ಬಟ್ಟೇದಾ?"

"ಬಟ್ಟೆ ಸುತ್ತಿದವನದು."

ಅವಳು ಬಟ್ಟೆಯನ್ನು ಎರಡು ಪದರ ಮಾಡಿ, ಎಣ್ಣೆ ಹಚ್ಚಿ ಬಿಗಿಯಾಗಿ ಸುತ್ತಿದಳು. ಈ ಸಲ ಕೋಲು ಒಳಹೋಗಲು ಸತಾಯಿಸಿತು. ಎಂಟು. ಇನ್ನೊಮ್ಮೆ, ಎಂಟು. ಮೂರನೆಯ ಸಲ "ನೀವೇ ದೂಡಿ" ಎಂದು ಕಾರ್ಯದರ್ಶಿಯ ಕೈಗೆ ಕೊಟ್ಟಳು. ಅವರು ಒಳಗೆ ಬರಲೇಬೇಕಾಯಿತು. ಎಂಟಕ್ಕೆ ಕೂದಲೆಳೆ ಕಮ್ಮಿ.

"ಸರಿ, ನಳಿಗೆ ಸರಿಯಿದೆ," ಎಂದು ಅವರು ಹಾಳೆಯ ಮೇಲೆ ಬೆರಳು ಕುಟ್ಟಿದರು. "ಹಾಗಾದ್ರೆ ಈ ತೂತು ಯಾರ ಪುಣ್ಯ?"

ಅತ್ತಿಗೆ ರೈಫಲ್ಲಿಗೆ ಕಟ್ಟಿದ್ದ ಕಾರ್ಡನ್ನು ತಿರುಗಿಸಿದಳು. ಅವಳದೇ ಅಕ್ಷರ: ಎಂಟರ ಸುತ್ತು, ಎಂಬತ್ತು ಗ್ರೇನ್‌ವರೆಗೆ.

"ಆ ಗುಂಡು ಕೊಡು."

ಮೈದುನ ಜೇಬಿನಿಂದ ಡಬ್ಬಿ ತೆಗೆದ. "ಅಪ್ಪಟ ತಾಮ್ರ. ಸೀಸ ಬೇಡ ಅಂತ ಕ್ಲಬ್ಬೇ ಹೋದ ತಿಂಗಳು ನಿಯಮ ಮಾಡಿದೆ. ಎಪ್ಪತ್ತೇಳೇ ಗ್ರೇನು. ನಂಬಿಕೆ ಇಲ್ದಿದ್ರೆ ತೂಗಿ."

ತೂಗಿದಳು. ಎಪ್ಪತ್ತೇಳು. ಮೈದುನ ನಕ್ಕ.

ಅವಳು ಡ್ರಾಯರಿನಿಂದ ಅದೇ ತೂಕದ ಹಳೆಯ ಸೀಸದ ಗುಂಡೊಂದನ್ನು ತೆಗೆದು, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದಳು. ಅಳತೆ ಬೇಕಾಗಿರಲಿಲ್ಲ, ಆದರೂ ವರ್ನಿಯರ್ ಹಿಡಿದಳು. ಹಳೆಯದು ಇಪ್ಪತ್ತೈದು ಮಿಲಿಮೀಟರ್. ಹೊಸದು ಮೂವತ್ತೊಂದು.

"ತಾಮ್ರ ಸೀಸಕ್ಕಿಂತ ಹಗುರ," ಎಂದಳು. "ಅದೇ ತೂಕ ಬರಬೇಕಂದ್ರೆ ಗುಂಡು ಉದ್ದ ಆಗ್ಲೇಬೇಕು. ಉದ್ದ ಆದಷ್ಟೂ ಜೋರಾಗಿ ತಿರುಗ್ಬೇಕು, ಇಲ್ಲಾಂದ್ರೆ ಪಲ್ಟಿ. ಇದಕ್ಕೆ ಎಂಟು ಸಾಲದು ಸಾರ್. ಏಳಾದ್ರೂ ಬೇಕು."

ಕಾರ್ಯದರ್ಶಿ ಮೈದುನನ ಕಡೆ ತಿರುಗಿದರು. ಅವನು ಅಷ್ಟರಲ್ಲಿ ಕಾರ್ಡನ್ನು ಕಿತ್ತುಕೊಂಡಿದ್ದ.

"ಎಂಬತ್ತು ಗ್ರೇನ್‌ವರೆಗೆ ನಡೆಯುತ್ತೆ ಅಂತ ಬರೆದವರು ಯಾರು? ನಾನಾ? ಇದನ್ನ ನೋಡ್ಕೊಂಡೇ ನಾನು ಗುಂಡು ತರಿಸಿದ್ದು."

ಸುಮ್ಮನಿದ್ದರೂ ನಡೆಯುತ್ತಿತ್ತು. ಕಾರ್ಯದರ್ಶಿಯ ಮುಖ ಆಗಲೇ ಅವಳ ಕಡೆ ವಾಲಿತ್ತು.

"ನಾನೇ ಬರೆದದ್ದು," ಎಂದಳು. "ತೂಕ ಮಾತ್ರ ಬರೆದೆ. ಉದ್ದ ಬರೀಬೇಕಿತ್ತು. ಹನ್ನೆರಡು ಕಾರ್ಡೂ ಹೀಗೇ ಇವೆ."

"ಕೇಳಿಸ್ಕೊಂಡ್ರಾ ಸಾರ್? ಬಾಯಿ ಬಿಟ್ಟರು!"

"ಕೇಳಿಸ್ತು," ಎಂದರು ಕಾರ್ಯದರ್ಶಿ. "ಸಡಿಲ ಬಟ್ಟೇಲಿ ಹನ್ನೆರಡು ಅಂತ ಕೂಗಿದ್ದೂ ಕೇಳಿಸ್ತು. ತಪ್ಪು ಕಂಡ್ರೆ ತಪ್ಪು ಅನ್ನೋರ ಹತ್ರಾನೇ ನಮ್ಮ ರೈಫಲ್ ಇರಲಿ. ಮೇಡಂ, ಸಂಜೆಯೊಳಗೆ ಕಾರ್ಡು ತಿದ್ದಿ. ನೀನು ಈ ಗುಂಡು ವಾಪಸ್ ತಗೊಂಡು ಗಿಡ್ಡದ್ದು ತರಿಸು. ಪ್ರತಿ ಡಬ್ಬಿಯ ಮೇಲೂ ಉದ್ದ ಬರೆದಿರ್ಬೇಕು, ಇವರು ಸಹಿ ಹಾಕಿರ್ಬೇಕು."

"ಇವರ ಸಹೀನಾ?"

"ಮತ್ತೆ ನಿನ್ನದಾ?" ಎಂದು ಅವರು ಹೊರಟುಹೋದರು.

ಮೈದುನ ಡಬ್ಬಿ ಮುಚ್ಚಿದ. ಗುರಿಹಾಳೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದ. ಅತ್ತಿಗೆ ಅದನ್ನು ಎತ್ತಿಕೊಂಡು, ಸುಕ್ಕು ಬಿಡಿಸಿ, ಗೋಡೆಯ ಮೊಳೆಗೆ ಸಿಕ್ಕಿಸಿದಳು. ತಿರುಗಿ ನೋಡಿದರೆ ಮೇಜಿನ ಮೇಲಿದ್ದ ವರ್ನಿಯರ್ ಅವನ ಕೈಯಲ್ಲಿತ್ತು.

"ಕೆಳಗಿಡು. ಅದು ನಂದು."

"ಹೊಸ ಗುಂಡು ಬಂದಾಗ ಅಳೀಬೇಕಲ್ಲ?"

"ಇಲ್ಲಿಗೇ ತಗೊಂಡು ಬಾ," ಎಂದಳು. "ಬರೋವಾಗ ಬಾಗಿಲು ತಟ್ಟು."