ತಂಪು ಕೋಣೆ

ಅಪ್ಪನನ್ನು ತಂಪು ಕೋಣೆಯಿಂದ ಹೊರಗೆ ತರಲು ಬಾಗಿಲು ಸಾಲದೆ ಹಲಗೆಯನ್ನು ಓರೆ ಮಾಡಬೇಕಾಯಿತು. "ತಲೆ ಹುಷಾರು," ಎಂದ ಅಡುಗೆಯವನು, ಬದುಕಿರುವವನಿಗೆ ಪೆಟ್ಟಾದೀತೆಂಬಂತೆ. ಮಗಳು ಒಂದು ಅಂಚು ಹಿಡಿದಳು. ಹೊತ್ತೇರಿದರೆ ಗುಂಡಿಯ ಹತ್ತಿರ ನಿಲ್ಲುವುದೂ ಆಗದೆಂದು ಎಲ್ಲರಿಗೂ ಅವಸರ.

ಮರುಭೂಮಿಯ ನಡುವಿನ ಈ ಹವಾಮಾನ ಸಂಶೋಧನಾ ಕೇಂದ್ರಕ್ಕೆ ಅಪ್ಪ ಎಂಜಿನ್ ಮೇಸ್ತ್ರಿ. ಮೊನ್ನೆ ನಡುಮಧ್ಯಾಹ್ನ ಜನರೇಟರ್ ನಿಂತಿತ್ತು. ಸಂಜೆ ನೋಡಿದರಾಯಿತೆಂದು ಎಲ್ಲರೂ ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಕಾದ ತಗಡಿನ ಶೆಡ್ಡಿಗೆ ಹೋದ. ಎಂಜಿನ್ ಶುರುವಾಯಿತು. ಅವನು ಹೊರಗೆ ಬರಲಿಲ್ಲ.

ಕೋಣೆಯ ಹೊರಗೆ ಗೋಡೆಗೊರಗಿಸಿದ್ದ ಕೊಳವೆಗಳನ್ನು, ಹಲಗೆ ಹಿಡಿದು ಹೊರಬಂದ ಅವಳು ಆಗ ಕಂಡಳು. ಒಳಗಿನ ಮಣ್ಣು ಒಣಗಿ, ಬಿರಿದು, ಪುಡಿಯಾಗಿ ಸುರಿದಿತ್ತು.

"ಇವನ್ನ ಯಾಕೆ ಹೊರಗಿಟ್ರಿ ಮೇಡಂ?"

ಕೇಂದ್ರದ ಮುಖ್ಯಸ್ಥೆ ತಲೆಯೆತ್ತಲಿಲ್ಲ. "ನೀವು ಬರೋವರೆಗೂ ಅವರನ್ನ ಇಡೋಕೆ ಜಾಗ ಬೇಕಿತ್ತಲ್ಲಮ್ಮ."

*

ಹೋದ ವರ್ಷ ಅವಳು ಬಂದಿದ್ದು ಅಪ್ಪನನ್ನು ಕರೆದುಕೊಂಡು ಹೋಗಲು. ಮಾತು ಎತ್ತುವ ಮೊದಲೇ ಅವನು ಅವಳಿಗೊಂದು ಕಂಬಳಿ ಹೊದಿಸಿ ತಂಪು ಕೋಣೆಗೆ ಕರೆದೊಯ್ದಿದ್ದ. ಹಿಂದೆ ಇಲ್ಲೊಂದು ಸರೋವರವಿತ್ತಂತೆ. ಅಲ್ಲಿ ಸಾಲಾಗಿಟ್ಟಿದ್ದ ಕೊಳವೆಗಳಲ್ಲಿದ್ದುದು ಅದರ ತಳ ಕೊರೆದು ತೆಗೆದ ಮಣ್ಣಂತೆ. ಕಪ್ಪು ಗೆರೆ ಮಳೆ ಬಂದ ಕಾಲದ್ದು, ಬಿಳಿ ಗೆರೆ ಬರಗಾಲದ್ದು ಎಂದು ಮೇಡಂ ಹೇಳಿಕೊಟ್ಟಿದ್ದನ್ನು ಹೇಳಿದ. ಮೇಲ್ತುದಿಯಲ್ಲಿ ಬರೀ ಬಿಳಿ.

"ಇದು ನಮ್ಮ ಕಾಲ," ಎಂದು ನಕ್ಕ. "ನೋಡೋಕೆ ಮಾತ್ರ ಬೆಳ್ಳಗೆ."

ಮನೆಗೆ ಬಾಪ್ಪಾ, ಮೊಮ್ಮಗುವಿಗೆ ನಿನ್ನ ಮುಖವೇ ಗೊತ್ತಿಲ್ಲ ಎಂದು ಅವಳು ಅಂಗಲಾಚಿದಳು. ಅವನು ಒಂದು ಕೊಳವೆಯ ಮೇಲೆ ಕೈಯಾಡಿಸಿದ.

"ಎಂಜಿನ್ ಒಂದು ದಿನ ನಿಂತ್ರೆ ಇದೆಲ್ಲ ಬರೀ ಮಣ್ಣಾಗುತ್ತೆ ಕಣಮ್ಮ. ಹೇಗೆ ಬಿಟ್ಟು ಬರ್ಲಿ?"

ಅವಳು ಸಿಟ್ಟಿನಿಂದಲೇ ಹೊರಟಿದ್ದಳು. ಆಮೇಲೆ ಅವನ ಫೋನು ಬಂದಾಗಲೆಲ್ಲ ಕೆಲಸದ ನೆಪ ಹೇಳಿ ಮಗುವಿನ ಕೈಗೆ ಕೊಟ್ಟುಬಿಡುತ್ತಿದ್ದಳು.

*

ನೆಲ ಕಲ್ಲಿನಂತಿದ್ದುದರಿಂದ ಗುಂಡಿ ಸೊಂಟದಾಳಕ್ಕಿಂತ ಕೆಳಗೆ ಹೋಗಿರಲಿಲ್ಲ. ಅಷ್ಟರಲ್ಲೇ ಅವನನ್ನು ಇಳಿಸಿದರು. ಮಣ್ಣೆಳೆದು ಮುಗಿಸಿದ ಮೇಲೆ ಮುಖ್ಯಸ್ಥೆ ಅವಳ ಪಕ್ಕದಲ್ಲಿ ನಡೆಯುತ್ತ, ಕೇಂದ್ರ ಮುಚ್ಚುತ್ತಿದೆ ಎಂದರು. ಬೇಸಿಗೆಯಲ್ಲಿ ಇಲ್ಲಿ ಮನುಷ್ಯರಿರುವುದು ಇನ್ನು ಸಾಧ್ಯವಿಲ್ಲವಂತೆ. ಕೊಳವೆಗಳನ್ನು ಯಾವ ಊರಿನ ಸಂಸ್ಥೆಯವರೂ ತೆಗೆದುಕೊಳ್ಳಲು ಒಪ್ಪಲಿಲ್ಲವಂತೆ. ಕಳಿಸಿದ ವರದಿಗಳಿಗೂ ಉತ್ತರ ಬರಲಿಲ್ಲವಂತೆ.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಮೊನ್ನೆನೂ ಹೇಳ್ದೆ, ಹೇಗಿದ್ರೂ ಮುಚ್ತಾರೆ, ಬಿಸಿಲಿಗೆ ಹೋಗ್ಬೇಡಿ ಅಂತ." ಅವರ ದನಿ ಇಳಿಯಿತು. "'ಮುಚ್ಚೋದು ಬರೋ ತಿಂಗಳಲ್ವಾ ಮೇಡಂ' ಅಂದ್ರು."

ತಂಪು ಮಾಡಲು ಒಳಗೆ ಇನ್ನೇನೂ ಉಳಿದಿರಲಿಲ್ಲ. ಮುಖ್ಯಸ್ಥೆ ತಾವೇ ಶೆಡ್ಡಿಗೆ ಹೋಗಿ ಎಂಜಿನ್ ಆರಿಸಿ ಬಂದರು.

ಎಂಜಿನ್ ಸದ್ದಿಗೆ ವರ್ಷಗಟ್ಟಲೆ ಕೂಗಿಯೇ ಮಾತಾಡಿದವರೆಲ್ಲ ಒಂದೇ ಮೇಜಿನ ಸುತ್ತ ಊಟಕ್ಕೆ ಕೂತರು. ತಟ್ಟೆಗೆ ಚಮಚ ತಾಗಿದ್ದೂ ಕೇಳುವಷ್ಟು ನಿಶ್ಶಬ್ದ.

"ನೀರು ಬೇಕಾ?" ಎಂದು ಅಡುಗೆಯವನು ಪಕ್ಕದಲ್ಲೇ ಕೂತಿದ್ದ ಮುಖ್ಯಸ್ಥೆಯನ್ನು ಗಂಟಲೆತ್ತಿ ಕೂಗಿ ಕೇಳಿದ.

"ಸಾಕು," ಎಂದು ಅವರೂ ಅಷ್ಟೇ ಜೋರಾಗಿ ಕೂಗಿದರು.