ಇಪ್ಪತ್ತೆರಡು ಗಂಟಿನ ದಾರ

ಚಟ್ಟವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಚೆಂಡುಹೂವಿನ ರಾಶಿಯೊಳಗಿಂದ ಮಲ್ಲಾಜಮ್ಮನ ಫೋನು ಟ್ರಿಣ್ ಎಂದಿತು.

ಧೂಪದ ಮಡಕೆ ಹಿಡಿದು ಮುಂದೆ ಹೋಗುತ್ತಿದ್ದ ಮಗ ನಟರಾಜು ನಿಂತುಬಿಟ್ಟ.

"ನಡೀಲಾ. ಹೆಣ ಹೊತ್ಕಂಡು ನಿಲ್ಬಾರ್ದು" ಎಂದ ದಾಸಯ್ಯ. ಊರಿನ ಸಾವುಗಳಿಗೆಲ್ಲ ಶಾಸ್ತ್ರ ಹೇಳುವವನು ಅವನೇ.

ಬೆಳಿಗ್ಗೆ ಮೈ ತೊಳೆಸಿ ಹೊಸ ಸೀರೆ ಉಡಿಸಿದ ಮೇಲೆ ನಟರಾಜುವೇ ಆ ಫೋನನ್ನು ತಾಯಿಯ ಕೊರಳಿಗೆ ಹಾಕಿದ್ದ. ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೊಂದು ಉದ್ದನೆಯ ಕೆಂಪು ದಾರ. "ಅದಿಲ್ದೆ ಅವ್ವ ಎಲ್ಗೂ ಹೋದೋಳಲ್ಲ" ಎಂದಿದ್ದ. ಯಾರೂ ಬೇಡವೆನ್ನಲಿಲ್ಲ.

ಅಷ್ಟರಲ್ಲಿ ಸೊಸೆ ಪ್ರಮೀಳಾಳ ಫೋನು ಹೊಡೆದುಕೊಂಡಿತು.

"ಅಕ್ಕಾ, ಸ್ಪಂದನಾ ಕಣಕ್ಕ. ಭೇರ್ಯದಲ್ಲಿ ಸುನೀಲಣ್ಣನ ಕಂಪ್ಯೂಟರ್ ಅಂಗಡೀಲಿವ್ನಿ. ಇಂಥಾ ದಿನ ಕೇಳ್ಬಾರ್ದು... ಅಜ್ಜಿ ಫೋನಿಗೆ ಓಟಿಪಿ ಬಂದದೆ. ಐದು ಗಂಟೆಗೆ ಅರ್ಜಿ ಮುಚ್ಚೋಯ್ತದೆ."

ಸ್ಪಂದನಾ ಪಕ್ಕದ ಮನೆ ಚಿಕ್ಕಮಾದುವಿನ ಮಗಳು. ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಒಂದು ಟ್ರಸ್ಟು ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಎರಡನ್ನೂ ಕೊಡುತ್ತದೆಂದು ಪತ್ತೆ ಹಚ್ಚಿದವಳು ಮಲ್ಲಾಜಮ್ಮ. ಅದು ಸಿಕ್ಕರೆ ಓದು, ಇಲ್ಲದಿದ್ದರೆ ಸೀಟು ಬಿಡಬೇಕು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಬಂದದ್ದೇ ನಿನ್ನೆ ಸಂಜೆ. "ಬೆಳಿಗ್ಗೆ ಮೊದ್ಲ ಬಸ್ಸಿಗೇ ಹೋಗವ" ಎಂದಿದ್ದ ಮುದುಕಿ, ಕೋಳಿ ಕೂಗುವ ಹೊತ್ತಿಗೆ ಹೊರಟೇಹೋಗಿದ್ದಳು.

ಪ್ರಮೀಳಾ ಚಟ್ಟದತ್ತ ಕೈ ಚಾಚಿದಳು.

"ಮುಟ್ಬೇಡ ಕಣಮ್ಮ. ಹೆಣಕ್ಕೆ ಕೊಟ್ಟಿದ್ದ ವಾಪಸ್ ಈಸ್ಕಳಂಗಿಲ್ಲ" ಎಂದ ದಾಸಯ್ಯ. ತಮಟೆ ಮತ್ತೆ ಶುರುವಾಯಿತು.

*

ನಟರಾಜು ಕೆ.ಆರ್. ನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಕಾಲ. ಅವನಂಥವರಿಗೆ ವಿದ್ಯಾರ್ಥಿವೇತನ ಬರುತ್ತದೆಂದು ಮಲ್ಲಾಜಮ್ಮನಿಗೆ ಗೊತ್ತಾದದ್ದು ಕೊನೆಯ ದಿನ ಕಳೆದು ಒಂಬತ್ತು ದಿನಕ್ಕೆ. ನೋಟೀಸನ್ನು ಸೈಕಲ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಅಂಟಿಸಿದ್ದರಂತೆ. ಆ ವರ್ಷವೇ ಅವನು ಓದು ಬಿಟ್ಟು ಗದ್ದೆಗಿಳಿದ.

ಮಲ್ಲಾಜಮ್ಮನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗಿ, ಸೊಪ್ಪಿನ ಮೂಟೆಗಳ ಮೇಲಿನ ತೂಕದ ಚೀಟಿ ನೋಡಿ ನೋಡಿ ಕಲಿತದ್ದು. ಅಂದಿನಿಂದ ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಅವಳ ಮೊದಲ ಮಾತು ಒಂದೇ. "ಸ್ವಾಮಿ, ಓದೋ ಮಕ್ಕಳಿಗೆ ಏನಾದ್ರೂ ಬಂದದಾ? ಕಡೇ ತಾರೀಕು ಯಾವತ್ತು? ಅಂಕೀಲಿ ಬರ್ಕೊಡಿ."

ಆಮೇಲೆ ಎಲ್ಲ ಕಂಪ್ಯೂಟರಿಗೆ ಬಂತು. ಅಪ್ಪಂದಿರ ಸಿಮ್ಮು ರೀಚಾರ್ಜಿಲ್ಲದೆ ಸತ್ತಿರುತ್ತಿತ್ತು. ಮಲ್ಲಾಜಮ್ಮನ ನಂಬರು ಮಾತ್ರ ಬದಲಾಗುತ್ತಿರಲಿಲ್ಲ. ಊರಿನ ಮಕ್ಕಳೆಲ್ಲ ಅದನ್ನೇ ಬರೆಸಿದರು. ಅದೊಂದು ಸತ್ತರೆ ಏನು ಗತಿಯೆಂದು ಯಾರೂ ಯೋಚಿಸಲಿಲ್ಲ. ಅಜ್ಜಿಕತೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗಿರುವಂತೆ, ಊರಿನ ಓದೆಲ್ಲ ಆ ಫೋನಿನೊಳಗಿತ್ತು. ನಾಟಿ ಗದ್ದೆಯಲ್ಲಿ ಬಗ್ಗಿದವಳು ಎದ್ದು ನಿಂತು, ಕೆಸರಿನ ಕೈ ಸೀರೆಗೊರೆಸಿ, "ನಾಕು... ಸೊನ್ನೆ... ಏಳು..." ಎಂದು ಕೂಗುತ್ತಿದ್ದಳು.

"ಊರೋರ್ಗೆಲ್ಲ ಓಟಿಪಿ ಹೇಳ್ತಾರೆ, ಒಲೆ ಮೇಲೆ ಹಾಲು ಉಕ್ಕೋದು ಕಾಣಾಕಿಲ್ಲ" ಎಂದು ಪ್ರಮೀಳಾ ಗೊಣಗುತ್ತಿದ್ದಳು.

ಒಂದು ಮಗುವಿಗೆ ಮಂಜೂರಾದರೆ ಕೆಂಪು ದಾರಕ್ಕೊಂದು ಗಂಟು. ಅರ್ಜಿ ಹಾಕಿದ್ದಕ್ಕಲ್ಲ, ಮಂಜೂರಾದದ್ದಕ್ಕೆ.

*

ಮೆರವಣಿಗೆ ನಾಲೆಯ ಏರಿ ಹಿಡಿಯಿತು. ಗಂಟೆ ನಾಲ್ಕೂವರೆ ದಾಟಿತ್ತು. ಪ್ರಮೀಳಾಳ ಫೋನು ಮತ್ತೆ ಹೊಡೆದುಕೊಂಡಿತು. "ಆ ಓಟಿಪಿ ಟೈಮ್ ಮುಗುದೋಯ್ತು ಕಣಕ್ಕ, ಸುನೀಲಣ್ಣ ಇನ್ನೊಂದು ಕಳಿಸ್ತಾವ್ನೆ, ಫೋನ್ ಇಡ್ಬೇಡ" ಎಂದಳು ಸ್ಪಂದನಾ.

"ತಾತ" ಎಂದಳು ದಾಸಯ್ಯನ ಮೊಮ್ಮಗಳು ಮಾನಸ. ಹುಣಸೂರಿನಲ್ಲಿ ಹೈಸ್ಕೂಲು ಟೀಚರು. ಸುದ್ದಿ ತಿಳಿದು ಮಧ್ಯಾಹ್ನವಷ್ಟೇ ಬಂದಿದ್ದಳು. "ಆ ದಾರದಾಗೆ ಒಂಬತ್ತನೇ ಗಂಟು ನಂದು ಕಣ್ತಾತ."

"ಗೊತ್ತು ಬುಡವ್ವ."

"ಗೊತ್ತಿದ್ರೂ ಹಿಂಗಂತೀಯಲ್ಲ."

"ನನ್ನದು ನಾಕನೇದು" ಎಂದಿತು ಗುಂಪಿನಿಂದ ಒಂದು ಗಂಡುದನಿ. "ನಂದು ಹದಿನೇಳು" ಎಂದಳು ಮಗು ಎತ್ತಿಕೊಂಡಿದ್ದ ಒಬ್ಬಳು. ತಮಟೆಯವನು ಬಡಿಯುವುದನ್ನು ಮರೆತ.

ದಾಸಯ್ಯ ಕೋಲೂರುತ್ತ ಮುಂದೆ ನಡೆದ. ಸೇತುವೆಯ ಬಳಿ ಕೋಲು ಎತ್ತಿ ನಿಲ್ಲಿಸಿದ. ಚಟ್ಟ ಇಳಿಸಿ ದಿಕ್ಕು ತಿರುಗಿಸುವ ಜಾಗ ಅದು. ಅಲ್ಲಿ ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯಬೇಕು. ಉಸಿರೇನಾದರೂ ಉಳಿದಿದ್ದರೆ ಓಗೊಡಲೆಂದು.

"ನೋಡ್ರಪ್ಪಾ" ಎಂದ ದಾಸಯ್ಯ ಗಂಟಲು ಸರಿಮಾಡಿಕೊಂಡು. "ಮೂರು ಸಲ ಕೂಗೋಗಂಟ ಈವಮ್ಮ ಸತ್ತಿರೋ ಲೆಕ್ಕಕ್ಕೆ ಬರಾಕಿಲ್ಲ. ಬದುಕಿರೋರು ಕೈಯಾರೆ ಕೊಟ್ರೆ ಈಸ್ಕಬೌದು. ಪ್ರಮೀಳಾ, ನೀನೇ ಕೂಗವ್ವ. ಬಿರ್ರನೆ ಕೂಗ್ಬೇಡ, ನಿಧಾನುಕ್ಕೆ."

ಪ್ರಮೀಳಾ ಮಣ್ಣಿನಲ್ಲಿ ಮಂಡಿಯೂರಿ ಕಿವಿಯ ಹತ್ತಿರ ಬಾಗಿದಳು.

"ಅತ್ತೆ..."

ಮತ್ತೆ, "ಅತ್ತೆ..."

ಮೂರನೆಯ ಕೂಗು ಬರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಹೂವಿನೊಳಗೆ ಫೋನು ಟ್ರಿಣ್ ಎಂದಿತು.

"ಓಗೊಟ್ಳು, ಈಸ್ಕೊ" ಎಂದ ದಾಸಯ್ಯ.

ಪ್ರಮೀಳಾ ದಾರವನ್ನು ಅತ್ತೆಯ ತಲೆಯ ಮೇಲಿಂದ ತೆಗೆದಳು. ಇನ್ನೊಂದು ಕೈಯಲ್ಲಿ ತನ್ನ ಫೋನನ್ನು ಕಿವಿಗೆ ಹಿಡಿದು, ನಾಲೆಯಾಚೆಯ ಗದ್ದೆಗೂ ಕೇಳುವಂತೆ ಕೂಗಿದಳು. "ಸ್ಪಂದನಾ, ಬರ್ಕೊಳವ್ವ. ಆರು... ಎರಡು... ಸೊನ್ನೆ... ಸೊನ್ನೆ... ಒಂಬತ್ತು... ಮೂರು."

ನಾಲೆಯ ನೀರಿನ ಸದ್ದು. ಆಮೇಲೆ ಫೋನಿನಿಂದ ಕಂಪ್ಯೂಟರ್ ಅಂಗಡಿಯ ಸುನೀಲನ ದನಿ: "ಹೋಯ್ತು ಕಣಕ್ಕ. ಅರ್ಜಿ ನಂಬರು ಬಂತು. ಹುಡುಗಿ ಅಳ್ತಾವಳೆ, ನೀರು ಕೊಡ್ತೀನಿ ತಾಳಿ."

ನಟರಾಜು ಬೆಳಿಗ್ಗೆಯಿಂದ ಅತ್ತಿರಲಿಲ್ಲ. ಈಗ ಮಡಕೆ ಹಿಡಿದುಕೊಂಡೇ ಅತ್ತ, ಅಳುತ್ತಲೇ ನಕ್ಕ. ತಮಟೆಯವನು ಯಾರ ಅಪ್ಪಣೆಗೂ ಕಾಯದೆ ಮದುವೆಯ ಗತ್ತಿನಲ್ಲಿ ಬಾರಿಸತೊಡಗಿದ. ಇಪ್ಪತ್ತೆರಡು ಗಂಟಿನ ಅಜ್ಜಿಯನ್ನು ಜನ ಹೆಗಲಿಗೇರಿಸಿಕೊಂಡರು.

ಮೂರನೆಯ ಕೂಗು ಉಳಿದೇ ಹೋಯಿತು. ದಾಸಯ್ಯ ಅದನ್ನು ನೆನಪಿಸಲಿಲ್ಲ.

ಮಣ್ಣು ಮಾಡಿ ಎಲ್ಲರೂ ನಾಲೆಯಲ್ಲಿ ಕೈಕಾಲು ತೊಳೆಯುವ ಹೊತ್ತಿಗೆ ಸ್ಪಂದನಾ ಓಡಿ ಬಂದಳು. ಕೈಯಲ್ಲಿ ಅರ್ಜಿಯ ಪ್ರಿಂಟು. ಪ್ರಮೀಳಾಳ ಕೊರಳಿನ ದಾರವನ್ನು ನೋಡುತ್ತ ನಿಂತಳು.

"ಈಗ್ಲೇ ಕಟ್ಟಾಕಿಲ್ಲ" ಎಂದಳು ಪ್ರಮೀಳಾ. "ಮಂಜೂರಾಗ್ಲಿ."

ಅವಳು ಮುಖ ತೊಳೆಯಲು ಬಾಗಿದಾಗ ಕೆಂಪು ದಾರ ಮುಂದಕ್ಕೆ ಜೋಲಿತು. ಸಾಲಾಗಿ ಇಪ್ಪತ್ತೆರಡು ಗಂಟು. ಅವುಗಳ ಕೆಳಗೆ, ಇಳಿಬಿಸಿಲಿನಲ್ಲಿ, ಇನ್ನೂ ಒಂದು ಮೊಳ ನುಣುಪಾದ ದಾರ.